ಡಿಸೆಂಬರ್ ಒಂದಕ್ಕೇ ಕ್ರಿಸ್ಮಸ್ ಮುಗಿಸಬೇಡಿ

(ನವೆಂಬರ್ ಕೊನೇ ವಾರದಲ್ಲಿ ದಾವಣಗೆರೆಯಲ್ಲಿ, ಚರ್ಚಿನವರು ಮತ್ತೆ ಅಕ್ಕಪಕ್ಕದ ಬೇರೆ ಧರ್ಮದ ಸ್ನೇಹಿತರೂ ಸೇರಿದ್ದ ಒಂದು ಸಂಜೆ ಕೂಟದಲ್ಲಿ ಆಡಿದ ಮಾತು. ಆಡಿದ ಹಂಗೇ ಟೈಪ್ ಮಾಡೀನಿ, ಅಲ್ಲಲ್ಲಿ ಕತ್ತರಿ ಹಾಕೀನಿ ಅಷ್ಟೇ.)

ಎಲ್ರಿಗೂ ನಮಸ್ಕಾರ. ಫಾದರ್‌ಗೆ, ಸಿಸ್ಟರ್‌ಗಳಿಗೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೋ ಪ್ರಾಟೆಸ್ಟೆಂಟ್ ಸಭೆಯಿಂದ ಬಂದಿರೋ ಅಯ್ಯನೋರಿಗೆ, ಹಿಂದಿನ ಸಾಲಲ್ಲಿ ಕುಂತಿರೋ ನಮ್ಮ ಓಣಿಯೋರಿಗೆ. ನನಗೆ ಕೊಟ್ಟಿರೋದು ಆಗಮನ ಕಾಲ, ಅಂದ್ರೆ ಕ್ರಿಸ್ಮಸ್‌ಗೆ ಮುಂಚೆ ಬರೋ ನಾಕು ಭಾನುವಾರದ ಕಾಲ, ಅಡ್ವೆಂಟ್ ಅಂತೀವಲ್ಲ ಅದು. ಮಾತು ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ಐತಂತೆ, ಹಂಗಾಗಿ ಜಾಸ್ತಿ ಎಳೆಯಲ್ಲ.

ನೇರವಾಗೇ ಹೇಳಿಬಿಡ್ತೀನಿ. ನಮಗೆ ಕ್ರಿಸ್ಮಸ್ ಮಾಡೋದು ಬರುತ್ತೆ, ಕ್ರಿಸ್ಮಸ್‌ಗೆ ಕಾಯೋದು ಮರೆತೋಗೈತೆ. ನವೆಂಬರ್ ಮುಗಿಯೋದ್ರೊಳಗೆ ಸ್ಟಾರ್ ನೇತಾಕಿ, ಸೀರಿಯಲ್ ಲೈಟ್ ಹಾಕಿ, ಶಾಲೆಯಲ್ಲಿ ಒಂದು ಕ್ರಿಸ್ಮಸ್ ಪ್ರೋಗ್ರಾಂ, ಆಫೀಸಲ್ಲಿ ಒಂದು, ಯೂತ್‌ನವರದ್ದು ಒಂದು, ಮಹಿಳಾ ಕೂಟದ್ದು ಒಂದು, ಎಲ್ಲಾ ಕಡೆ ಕೇಕ್ ಕಟ್ ಮಾಡಿ ಕಟ್ ಮಾಡಿ ಡಿಸೆಂಬರ್ 24ರ ರಾತ್ರಿ ಪೂಜೆಗೆ ಬರೋ ಹೊತ್ತಿಗೆ ಮಕ್ಕಳಿಗೆ ಕೇಕೂ ಸಾಕಾಗಿರುತ್ತೆ ಹಾಡೂ ಸಾಕಾಗಿರುತ್ತೆ, ದೊಡ್ಡೋರು ನಿದ್ದೆ ತೂಗ್ತಿರ್ತಾರೆ. 26ಕ್ಕೆ ಸ್ಟಾರ್ ಇಳಿಸಿ ಅಟ್ಟಕ್ಕೆ ಏರಿಸ್ತೀವಿ. ನಿಜವಾಗಿ ನೋಡಿದ್ರೆ ಚರ್ಚ್ ಲೆಕ್ಕದಲ್ಲಿ ಕ್ರಿಸ್ಮಸ್ ಕಾಲ ಶುರುವಾಗೋದೇ 24ರ ರಾತ್ರಿ. ನಾವು ಶುರುವಾಗೋ ದಿನ ಮುಗಿಸ್ತಿದೀವಿ.

ಇದನ್ನ ಹಳಬರು ಬೇರೆ ಥರ ಮಾಡ್ತಿದ್ರು. ಅವರ ಪದ್ಧತಿಗಳನ್ನ ಒಂದೊಂದಾಗಿ ನೋಡ್ತಾ ಹೋದ್ರೆ ನನಗೆ ಕಾಣೋದು ಒಂದೇ ವಿಷಯ, ಎಲ್ಲದ್ರಲ್ಲೂ ಏನಾದ್ರೂ ಒಂದನ್ನ ಬೇಕಂತಲೇ ತಡೆದು ಇಟ್ಟಿರ್ತಾರೆ. ನಾಕು ಕ್ಯಾಂಡಲ್ ಇರುತ್ತೆ, ಹಚ್ಚೋದು ಒಂದು. ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಕಟ್ಟಿರ್ತಾರೆ, ಮಗು ಇರಲ್ಲ. ನಮ್ಮ ಕ್ಯಾಥೋಲಿಕ್ ಪೂಜೆಯಲ್ಲಿ ಈ ನಾಕು ಭಾನುವಾರ ಗ್ಲೋರಿಯಾ ಹಾಡಲ್ಲ ಗಮನಿಸಿರ್ತೀರಿ, ಯಾಕಂದ್ರೆ ಅದು ಬೆತ್ಲೆಹೇಮಿನ ರಾತ್ರಿ ದೇವದೂತರು ಹಾಡಿದ ಹಾಡು, ಆ ರಾತ್ರಿ ಬರೋತನಕ ಬಾಯಿ ಕಟ್ಟಿಕೊಂಡು ಇರಬೇಕು. 24ರ ರಾತ್ರಿ ಗಂಟೆ ಬಾರಿಸಿ ಅದನ್ನ ಎತ್ತಿದಾಗ ಮೈ ಝುಂ ಅನ್ನೋದು ನಾಕು ವಾರ ಬಿಟ್ಟಿದ್ದಕ್ಕೇ.

ಡೇಟ್ ಬಗ್ಗೆ ಕೇಳ್ತಿರ್ತಾರೆ ಪ್ರತಿ ವರ್ಷ. ಲೆಕ್ಕ ಸುಲಭ ಐತೆ, ನವೆಂಬರ್ 30 ಸಂತ ಅಂದ್ರೆಯನ (ಸೇಂಟ್ ಆಂಡ್ರ್ಯೂ) ಹಬ್ಬ, ಅದಕ್ಕೆ ಹತ್ತಿರದ ಭಾನುವಾರ ಶುರು. ನವೆಂಬರ್ 27ಕ್ಕಿಂತ ಮುಂಚೆ ಬರಲ್ಲ, ಡಿಸೆಂಬರ್ 3 ದಾಟಲ್ಲ. 2022ರಲ್ಲಿ 27ಕ್ಕೇ ಶುರುವಾಗಿ ಪೂರ್ತಿ ನಾಕು ವಾರ ಸಿಕ್ತು, 2023ರಲ್ಲಿ ಡಿಸೆಂಬರ್ 3ಕ್ಕೆ ಶುರುವಾಗಿ ನಾಕನೇ ಭಾನುವಾರ 24ನೇ ತಾರೀಕೇ ಬಿತ್ತು, ಬೆಳಿಗ್ಗೆ ನಾಕನೇ ಕ್ಯಾಂಡಲ್, ರಾತ್ರಿ ಕ್ರಿಸ್ಮಸ್ ಪೂಜೆ, ಪಾಪ ಅಲಂಕಾರ ಮಾಡೋ ಹುಡುಗರಿಗೆ ಉಸಿರಾಡೋಕೆ ಟೈಮ್ ಇರಲಿಲ್ಲ.

ಹಳೇ ಕಾಲದಲ್ಲಿ ಇದು ಉಪವಾಸದ ಕಾಲ. ಐದನೇ ಶತಮಾನದಲ್ಲಿ ಈಗಿನ ಫ್ರಾನ್ಸಿನ ತೂರ್ ಅನ್ನೋ ಊರಿನ ಬಿಷಪ್ ಪೆರ್ಪೆತುವಸ್ ನವೆಂಬರ್ 11, ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಅಂತ ಮಾಡಿದ್ರು. ಈಗ ನಮಗೆ ಆ ಕಟ್ಟಳೆ ಇಲ್ಲ. ಆದ್ರೆ ಕೇರಳದ ಸಿರಿಯನ್ ಕ್ರೈಸ್ತರು ಇವತ್ತಿಗೂ ಡಿಸೆಂಬರ್ 1ರಿಂದ 25 ದಿನದ ನೋಂಬು ಹಿಡೀತಾರೆ, ಮಾಂಸ ಮೀನು ಮುಟ್ಟಲ್ಲ. ನಮ್ಮದು ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜು ಇರೋ ಊರು, ಕೇರಳದ ಮಕ್ಕಳು ಬಹಳ ಇದಾರೆ. ನೈಟ್ ಡ್ಯೂಟಿ ಮಾಡ್ಕೊಂಡೇ ನೋಂಬು ಹಿಡಿಯೋರು ಅವರಲ್ಲಿ ಇದಾರೆ. ಅದೇ ಟೈಮಲ್ಲಿ ನಾವು ಪ್ರೀ-ಕ್ರಿಸ್ಮಸ್ ಡಿನ್ನರ್ ಅಂತ ಬಿರಿಯಾನಿ ಹೊಡೀತಿರ್ತೀವಿ. ಬಿರಿಯಾನಿ ಮೇಲೆ ನನಗೇನೂ ಸಿಟ್ಟಿಲ್ಲ, 25ಕ್ಕೆ ಇಟ್ಕೊಳ್ಳೋಣ ಅಂತ.

ಈಗ ಕ್ಯಾಂಡಲ್ ವಿಷಯಕ್ಕೆ ಬರ್ತೀನಿ. ಹಸಿರು ಸೊಪ್ಪಿನ ಒಂದು ವೃತ್ತ, ಅದರ ಮೇಲೆ ನಾಕು ಕ್ಯಾಂಡಲ್, ಅಡ್ವೆಂಟ್ ರೀತ್. ಇದು ಆದಿಕಾಲದಿಂದ ಬಂದಿದ್ದು ಅಂತ ಬಹಳ ಜನ ತಿಳ್ಕೊಂಡಿದಾರೆ. ಈಗ ನಾವು ನೋಡೋ ರೂಪಕ್ಕೆ ಇನ್ನೂ ಇನ್ನೂರು ವರ್ಷ ಆಗಿಲ್ಲ. ಜರ್ಮನಿಯ ಹ್ಯಾಂಬರ್ಗ್ ಹತ್ರ ಯೋಹಾನ್ ಹಿನ್ರಿಶ್ ವಿಖರ್ನ್ ಅಂತ ಒಬ್ಬ ಲೂಥರನ್ ದೈವಶಾಸ್ತ್ರಿ 1833ರಲ್ಲಿ ದಿಕ್ಕಿಲ್ಲದ ಬಡ ಮಕ್ಕಳಿಗೆ ಒಂದು ಆಶ್ರಮ ಶುರು ಮಾಡಿದ್ರು. ಮಕ್ಕಳು ದಿನಾ ಬೆಳಗಾದ್ರೆ ಕ್ರಿಸ್ಮಸ್‌ಗೆ ಎಷ್ಟು ದಿನ ಐತೆ, ಎಷ್ಟು ದಿನ ಐತೆ ಅಂತ ಕೇಳೋವು. ಹಬ್ಬದ ಊಟ, ಹಬ್ಬದ ಬಟ್ಟೆ ಕಂಡಿರದ ಮಕ್ಕಳು, ಕೇಳದೆ ಇರ್ತಾವಾ. ಆ ಮನುಷ್ಯ ಏನು ಮಾಡಿದ್ರು ಅಂದ್ರೆ, 1839ರಲ್ಲಿ ಒಂದು ಹಳೇ ಗಾಡಿ ಚಕ್ರ ತಗೊಂಡು ಅದರ ಮೇಲೆ ದಿನಕ್ಕೊಂದರಂತೆ ಕ್ಯಾಂಡಲ್ ಜೋಡಿಸಿದ್ರು, ವಾರದ ದಿನಕ್ಕೆ ಸಣ್ಣ ಕೆಂಪು ಕ್ಯಾಂಡಲ್, ಭಾನುವಾರಕ್ಕೆ ದೊಡ್ಡ ಬಿಳಿ ಕ್ಯಾಂಡಲ್. ಆ ವರ್ಷ ಡಿಸೆಂಬರ್ 1 ಭಾನುವಾರವೇ ಬಂದಿತ್ತು, ಹಂಗಾಗಿ ಒಟ್ಟು 24, ಅದರಲ್ಲಿ 4 ದೊಡ್ಡವು, 20 ಸಣ್ಣವು. ದಿನಾ ಪ್ರಾರ್ಥನೆ ಹೊತ್ತಲ್ಲಿ ಒಂದು ಜಾಸ್ತಿ ಹಚ್ಚೋದು. ಎಷ್ಟು ದಿನ ಉಳೀತು ಅಂತ ಮಕ್ಕಳು ಯಾರನ್ನೂ ಕೇಳಬೇಕಾಗಿಲ್ಲ, ತಲೆ ಎತ್ತಿ ಹಚ್ಚದೆ ಇರೋವನ್ನ ಎಣಿಸಿದ್ರೆ ಆಯ್ತು.

ನನಗೆ ಇದರಲ್ಲಿ ಬಹಳ ಇಷ್ಟ ಆಗೋದು ಏನಂದ್ರೆ, ಮಕ್ಕಳು ಹಠ ಮಾಡಿದ್ರು ಅಂತ ಅವರು ಹಬ್ಬವನ್ನ ಮುಂಚೆ ಮಾಡಿಬಿಡಲಿಲ್ಲ, ಸುಮ್ನಿರ್ರೋ ಅಂತ ಗದರಲೂ ಇಲ್ಲ. ಕಾಯೋದನ್ನ ಕಣ್ಣಿಗೆ ಕಾಣೋ ಹಂಗೆ ಮಾಡಿಕೊಟ್ರು. ಆಮೇಲೆ ಅದು ಮನೆಮನೆಗೆ ಹೋಗ್ತಾ ಸಣ್ಣದಾಗಿ ನಾಕೇ ಕ್ಯಾಂಡಲ್ ಉಳೀತು, 20ನೇ ಶತಮಾನದಲ್ಲಿ ಕ್ಯಾಥೋಲಿಕ್ ಚರ್ಚುಗಳಿಗೂ ಬಂತು. ಅಂದ್ರೆ ಇದು ಪ್ರಾಟೆಸ್ಟೆಂಟರಿಂದ ನಾವು ತಗೊಂಡಿದ್ದು, ಅಯ್ಯನೋರು ಇಲ್ಲೇ ಕುಂತಿದಾರೆ, ಥ್ಯಾಂಕ್ಸ್ ಹೇಳ್ತೀನಿ.

ಕ್ಯಾಥೋಲಿಕ್ ರೂಢಿಯಲ್ಲಿ ಮೂರು ನೇರಳೆ, ಒಂದು ಗುಲಾಬಿ. ಮೂರನೇ ಭಾನುವಾರ ಗುಲಾಬಿ ಹಚ್ಚೋದು, ಅವತ್ತು "ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ" ಅಂತ ಪೌಲ ಫಿಲಿಪ್ಪಿಯವರಿಗೆ ಬರೆದ ಮಾತಿನ ಭಾನುವಾರ. ಅರ್ಧ ದಾಟಿದೀವಿ, ಸ್ವಲ್ಪ ಮುಖ ಅರಳಿಸ್ರಿ ಅಂತ. ನೇರಳೆ ಕ್ಯಾಂಡಲ್ ಸಿಗಲಿಲ್ಲ ಅಂತ ಬೆಂಗಳೂರಿಂದ ತರಿಸೋಕೆ ಹೋಗಬೇಡಿ, ಬಿಳಿ ಕ್ಯಾಂಡಲ್‌ಗೆ ನೇರಳೆ ರಿಬ್ಬನ್ ಸುತ್ತಿದ್ರೆ ಸಾಕು. ಸೊಪ್ಪಿಗೂ ಅಷ್ಟೇ, ಆನ್‌ಲೈನಲ್ಲಿ ಪ್ಲಾಸ್ಟಿಕ್ ಪೈನ್ ಎಲೆ ಯಾಕೆ ಬೇಕು, ಸರ್ವೆ ಮರದ ಟೊಂಗೆ ಸಿಗುತ್ತೆ, ಮಾವಿನ ಎಲೆ ಸಿಗುತ್ತೆ, ವಾರಕ್ಕೊಂದ್ಸಲ ಬದಲಾಯಿಸ್ರಿ. ಒಣಗಿದ ಸರ್ವೆ ಸೊಪ್ಪು ಬೆಂಕಿ ಬೇಗ ಹಿಡಿಯುತ್ತೆ, ಒಂದು ತಟ್ಟೆಗೆ ಮರಳು ಹಾಕಿ ಕ್ಯಾಂಡಲ್ ನಿಲ್ಲಿಸ್ರಿ, ಹಚ್ಚಿಟ್ಟು ಟಿವಿ ನೋಡೋಕೆ ಹೋಗಬೇಡಿ.

ಸ್ಟಾರ್ ಬಗ್ಗೆ ಒಂದು ಮಾತು. ಈಗ ಅಂಗಡಿ ಮುಂದೆ ಜೋತಾಡ್ತಿರೋ ಪೇಪರ್ ಸ್ಟಾರಿಗೂ ಜರ್ಮನಿಗೂ ಸಂಬಂಧ ಐತೆ. 19ನೇ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿನ ಮೊರಾವಿಯನ್ ಸಭೆಯ ಬೋರ್ಡಿಂಗ್ ಶಾಲೆಯಲ್ಲಿ ಜ್ಯಾಮಿಟ್ರಿ ಕಲಿಸೋಕೆ ಅಂತ ಪೇಪರಲ್ಲಿ ಬಹಳ ಮೂಲೆ ಇರೋ ನಕ್ಷತ್ರ ಮಾಡಿಸ್ತಿದ್ರು. ಆ ಶಾಲೆಗಳಲ್ಲಿ ಇದ್ದಿದ್ದು ಹೆಚ್ಚಾಗಿ ಮಿಷನರಿಗಳ ಮಕ್ಕಳು, ಅಪ್ಪ ಅಮ್ಮ ಎಲ್ಲೋ ಸಮುದ್ರದಾಚೆ. ಅಡ್ವೆಂಟ್‌ನ ಮೊದಲನೇ ಭಾನುವಾರ ಆ ನಕ್ಷತ್ರಕ್ಕೆ ಬೆಳಕು ಹಾಕಿ ತೂಗುಹಾಕೋದು ಅಲ್ಲಿಂದ ಬಂತು. ಹಂಗಾಗಿ ಈಗಲೇ ಸ್ಟಾರ್ ಕಟ್ಟಿದೋರು ಯಾರೂ ಇಳಿಸೋದು ಬೇಡ. ಅದು ಅಡ್ವೆಂಟ್‌ನದ್ದೇ ವಸ್ತು.

ಅಡ್ವೆಂಟ್ ಕ್ಯಾಲೆಂಡರ್ ಅಂತ ಚಾಕಲೇಟ್ ತುಂಬಿದ ಬಾಕ್ಸ್ ಈಗ ಮಾಲ್‌ಗಳಲ್ಲಿ ಬರ್ತಿದೆ. ಅದೂ ಜರ್ಮನಿಯದೇ, ಮೊದಲು ಬಾಗಿಲ ಮೇಲೆ ಚಾಕ್‌ಪೀಸಲ್ಲಿ 24 ಗೆರೆ ಎಳೆದು ದಿನಾ ಒಂದು ಅಳಿಸ್ತಿದ್ರು. ಚಾಕ್‌ಪೀಸ್ ದಾವಣಗೆರೆಯಲ್ಲೂ ಸಿಗುತ್ತೆ.

ಇನ್ನು ಗೋದಲಿ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡ್ತೀನಿ ಯಾಕಂದ್ರೆ ನಮ್ಮ ಕಡೆ ಹುಡುಗರಿಗೆ ಬಹಳ ಹುಮ್ಮಸ್ಸು ಇರೋದು ಇದರಲ್ಲೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಗುಡ್ಡದ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು, ಕತ್ತೆ ಕರ್ಕೊಂಬಂದು ನಿಲ್ಲಿಸಿ, ಅದರ ಮೇಲೇ ಪೂಜೆ ಮಾಡಿಸಿದ್ರು. ಬೊಂಬೆ ಗಿಂಬೆ ಸಾಲಾಗಿ ಜೋಡಿಸಿರಲಿಲ್ಲ. ಸುತ್ತಮುತ್ತಲ ಜನ ದೊಂದಿ ಹಿಡ್ಕೊಂಡು ಬಂದಿದ್ರಂತೆ. ಬಡತನದಲ್ಲಿ, ದನ ಮೇಯೋ ಜಾಗದಲ್ಲಿ ದೇವರು ಹುಟ್ಟಿದ್ದು ಹೆಂಗಿತ್ತು ಅಂತ ಕಣ್ಣಾರೆ ಕಾಣಬೇಕು ಅನ್ನೋದು ಫ್ರಾನ್ಸಿಸರ ಆಸೆ. ನಮ್ಮಲ್ಲಿ ಈಗ ಗೋದಲಿಗೆ ಕಾರಂಜಿ, ಎಲ್ಇಡಿ, ತಿರುಗೋ ಗಾಳಿಯಂತ್ರ, ಪಕ್ಕದಲ್ಲಿ ಒಂದು ರೈಲು, ಒಂದ್ಸಲ ಒಂದು ಕಡೆ ವಿಮಾನವನ್ನೂ ನೋಡೀನಿ. ಯೇಸುಸ್ವಾಮಿ ಎಲ್ಲಿದಾರೆ ಅಂತ ಹುಡುಕಬೇಕು. ಗೋಣಿಚೀಲಕ್ಕೆ ಬಣ್ಣ ಬಳಿದು ಬೆಟ್ಟ ಮಾಡೋದು ನನಗೆ ಬಹಳ ಇಷ್ಟ, ನಮ್ಮ ಹುಡುಗರು ಮಾಡೋ ಬೆತ್ಲೆಹೇಮಿನ ಬೆಟ್ಟ ಯಾವಾಗ್ಲೂ ಚಿತ್ರದುರ್ಗದ ಬಂಡೆ ಥರಾನೇ ಇರುತ್ತೆ, ಇರಲಿ ಬಿಡ್ರಿ, ಅವರು ನೋಡಿರೋ ಬೆಟ್ಟ ಅದೇ.

ನಾನು ಹೇಳೋದು ಇಷ್ಟು. ಗೋದಲಿಯನ್ನ ಒಂದೇ ದಿನ ಮುಗಿಸಬೇಡಿ. ಮೊದಲನೇ ವಾರ ಬರೀ ಬೆಟ್ಟ, ಕೊಟ್ಟಿಗೆ. ಎರಡನೇ ವಾರ ದನ ಕುರಿ. ಕುರುಬರು ಆಮೇಲೆ. ಮರಿಯಮ್ಮ ಜೋಸೆಫರನ್ನ ಮನೆಯ ಇನ್ನೊಂದು ಮೂಲೆಯಿಂದ ದಿನಾ ಸ್ವಲ್ಪ ಸ್ವಲ್ಪ ಸರಿಸ್ತಾ ಬರೋ ಪದ್ಧತಿ ಕೆಲವು ದೇಶಗಳಲ್ಲಿ ಐತೆ, ನಜರೇತಿಂದ ಬೆತ್ಲೆಹೇಮಿಗೆ ಅವರು ನಡ್ಕೊಂಡು ಬರ್ತಿದಾರೆ ಅಂತ. ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡ್ರಿ, ಬೆಳಿಗ್ಗೆ ಶಾಲೆಗೆ ಹೋಗೋ ಮುಂಚೆ ಸರಿಸೇ ಹೋಗ್ತಾವೆ. ಮಗುವಿನ ಬೊಂಬೆ 24ರ ರಾತ್ರಿ ತನಕ ಬೀರುವಲ್ಲಿ. ನಕ್ಷತ್ರ ನೋಡ್ಕೊಂಡು ಮಗುವನ್ನ ಹುಡುಕಿ ಬಂದ ಮೂರು ಜ್ಞಾನಿಗಳು ಜನವರಿವರೆಗೆ ಬರೋದೇ ಬೇಡ, ಅವರು ಲೇಟಾಗೇ ಬಂದೋರು.

ಆ ಖಾಲಿ ಗೋದಲಿಗೆ ಹುಲ್ಲು ಹಾಕೋದೂ ಒಂದು ಪದ್ಧತಿ. ಯಾರಿಗೂ ಹೇಳದೆ ಒಂದು ಒಳ್ಳೇ ಕೆಲಸ ಮಾಡಿದ್ರೆ ಒಂದು ಎಳೆ ಹುಲ್ಲು, 24ಕ್ಕೆ ಮಗುವಿಗೆ ಹಾಸಿಗೆ ರೆಡಿ. ಯುರೋಪಿನಲ್ಲಿ ಹುಟ್ಟಿದ ಪದ್ಧತಿ, ಆದ್ರೆ ಭದ್ರಾ ನಾಲೆ ಅಚ್ಚುಕಟ್ಟಿನೋರಿಗೆ ಭತ್ತದ ಹುಲ್ಲಿಗೇನು ಬರ, ಈಗ ಕೊಯ್ಲಿನ ಟೈಮೇ. ಎಷ್ಟು ಎಳೆ ಹಾಕಿದೆ ಅಂತ ಅಣ್ಣ ತಂಗಿ ಜಗಳ ಶುರುವಾಗುತ್ತೆ, ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ.

ಇನ್ನೊಂದು, ಬೀಜ ಹಾಕೋದು. ಕ್ರೊಯೇಷಿಯಾ, ಹಂಗೇರಿ ಕಡೆ ಡಿಸೆಂಬರ್ 13ರ ಸಂತ ಲೂಸಿ ಹಬ್ಬಕ್ಕೆ ತಟ್ಟೆಯಲ್ಲಿ ಗೋಧಿ ಬಿತ್ತುತಾರೆ, ಫ್ರಾನ್ಸಿನ ಪ್ರೊವೆನ್ಸಲ್ಲಿ ಡಿಸೆಂಬರ್ 4, ಸಂತ ಬಾರ್ಬರಾ ದಿನ. ಕ್ರಿಸ್ಮಸ್‌ಗೆ ಹಸಿರು ಎದ್ದು ನಿಂತಿರುತ್ತೆ, ಗೋದಲಿ ಮುಂದೆ ಇಡ್ತಾರೆ. ನಮ್ಮ ಕಡೆ ಗೋದಲಿಗೆ ರಾಗಿ ಪೈರು ಹಾಕ್ತೀವಲ್ಲ, ಅದೇ. ನವರಾತ್ರಿಗೆ ಘಟ ಕೂರಿಸಿ ಸಸಿ ಹಾಕೋರು ಹಿಂದಿನ ಸಾಲಲ್ಲಿ ನಗ್ತಿದಾರೆ, ನಿಮಗೆ ಇದು ನಾನೇನು ಹೇಳಿಕೊಡೋದು. ರಾಗಿ ಹತ್ತು ಹನ್ನೆರಡು ದಿನ ಮುಂಚೆ ಹಾಕಿದ್ರೆ ಸರಿಯಾಗುತ್ತೆ, ಜಾಸ್ತಿ ಮುಂಚೆ ಹಾಕಿದ್ರೆ ಎತ್ತರ ಬೆಳೆದು ಮಲಗಿಬಿಡುತ್ತೆ. ನೀರು ಚಿಮುಕಿಸ್ರಿ, ಸುರೀಬೇಡಿ.

ಇದೆಲ್ಲಾ ಮನೆಯೊಳಗಿನ ಮಾತಾಯ್ತು. ಆದ್ರೆ ಈ ನಾಕು ಭಾನುವಾರ ಚರ್ಚಲ್ಲಿ ಏನು ಓದ್ತಾರೆ ಕೇಳಿಸ್ಕೊಂಡಿದೀರಾ? ಮೊದಲನೇ ಭಾನುವಾರ ಗೋದಲಿ ಇಲ್ಲ, ಕುರುಬರೂ ಇಲ್ಲ. ಎಚ್ಚರವಾಗಿರಿ, ಮನೆಯ ಯಜಮಾನ ಯಾವಾಗ ಬರ್ತಾನೋ ಗೊತ್ತಿಲ್ಲ ಅನ್ನೋ ಥರದ ಓದು, ಕ್ರಿಸ್ತ ಮತ್ತೆ ಬರೋದರ ಬಗ್ಗೆ. ಎರಡನೇದು ಮೂರನೇದು ಸ್ನಾನಿಕ ಯೋಹಾನನ ವಾರ, ಯೇಸು ಬರ್ತಾರೆ ಅಂತ ಮುಂಚೆ ಸಾರಿದ ಪ್ರವಾದಿ ಅವನು. ಕ್ರಿಸ್ಮಸ್ ಕಾರ್ಡಲ್ಲಿ ಯಾವತ್ತಾದ್ರೂ ಸ್ನಾನಿಕ ಯೋಹಾನನ ಚಿತ್ರ ನೋಡಿದೀರಾ? ಒಂಟೆ ಕೂದಲ ಬಟ್ಟೆ, ಮಿಡತೆ ಜೇನು ತಿನ್ನೋ ಮನುಷ್ಯ, ಬಂದೋರಿಗೆಲ್ಲಾ ಬಯ್ಯೋನು, ಅವನನ್ನ ಕಾರ್ಡಲ್ಲಿ ಯಾರು ಹಾಕ್ತಾರೆ. ಆದ್ರೆ ಅವನನ್ನ ದಾಟದೆ ಬೆತ್ಲೆಹೇಮಿಗೆ ಹೋಗೋಕೆ ಚರ್ಚ್ ಬಿಡಲ್ಲ.

ಅವನು ಹೇಳೋದು ಹಳೇ ಪ್ರವಾದಿ ಯೆಶಾಯನ ಮಾತು, ಕರ್ತನಿಗೆ ದಾರಿ ಸಿದ್ಧ ಮಾಡ್ರಿ, ತಗ್ಗು ತುಂಬಬೇಕು, ಗುಡ್ಡ ಇಳಿಸಬೇಕು, ಡೊಂಕು ನೆಟ್ಟಗಾಗಬೇಕು. ಚಿತ್ರದುರ್ಗ ದಾವಣಗೆರೆ ಮಧ್ಯೆ ಹೈವೇ ಅಗಲ ಮಾಡಿದ್ದು ನೋಡಿದೋರಿಗೆ ಇದು ಅರ್ಥ ಆಗುತ್ತೆ, ಧೂಳು, ಡೈವರ್ಷನ್ನು, ಗುಡ್ಡ ಕಡಿಯೋ ಸದ್ದು, ವರ್ಷಗಟ್ಟಲೆ ಕಾಟ, ದಾರಿ ಆಗೋದು ಹಂಗೇ. ಜನ ಕೇಳಿದ್ರು, ಸರಿ ನಾವೇನು ಮಾಡಬೇಕು? ಬೈಬಲ್ಲಲ್ಲಿ ಲೂಕನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಐತೆ, ಮನೆಗೆ ಹೋಗಿ ಓದ್ರಿ. ಎರಡು ಅಂಗಿ ಇದ್ದೋನು ಇಲ್ಲದೋನಿಗೆ ಒಂದು ಕೊಡಲಿ, ಊಟ ಇದ್ದೋನೂ ಹಂಗೇ ಮಾಡಲಿ. ಸುಂಕದೋರು ಬಂದ್ರು, ನಿಗದಿ ಆಗಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳು ಬಂದ್ರು, ಹೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತಿಯಾಗಿರಿ ಅಂದ. ನೋಡ್ರಿ ಎಷ್ಟು ಕರೆಕ್ಟಾಗಿ, ಕಸುಬು ಕಸುಬಿಗೆ ಬೇರೆ ಬೇರೆ ಉತ್ತರ ಕೊಟ್ಟಿದಾನೆ. ಕೆಲಸ ಬಿಟ್ಟು ಕಾಡಿಗೆ ಬನ್ನಿ ಅಂತ ಒಬ್ರಿಗೂ ಹೇಳಿಲ್ಲ.

ನಮ್ಮದು ವ್ಯಾಪಾರದ ಊರು. ಮಂಡಿ, ದಲ್ಲಾಳಿ ಅಂಗಡಿ, ಬಡ್ಡಿ ವ್ಯವಹಾರ, ಈಗಂತೂ ಮೆಕ್ಕೆಜೋಳದ ಲೋಡ್ ಲೋಡ್ ಬರೋ ಟೈಮು. ಸ್ನಾನಿಕ ಯೋಹಾನ ಇಲ್ಲಿ ಬಂದು ನಿಂತ್ರೆ ತೂಕದ ಬಗ್ಗೆ ಮಾತಾಡ್ತಿದ್ದ ಅಂತ ನನಗೆ ಅನ್ಸುತ್ತೆ. ತೇವ ಐತೆ ಅಂತ ಹೇಳಿ ಎಷ್ಟು ಕಡೀತೀರಿ ಅಂತ ಕೇಳ್ತಿದ್ದ. ಮನೆಗೆಲಸಕ್ಕೆ ಬರೋ ಅಮ್ಮನಿಗೆ ಡಿಸೆಂಬರಲ್ಲಿ ಎಷ್ಟು ರಜಾ ಕೊಟ್ರಿ ಅಂತ ಕೇಳ್ತಿದ್ದ. ಅಡ್ವೆಂಟ್‌ನಲ್ಲಿ ಪಾಪನಿವೇದನೆಗೆ ಹೋಗ್ರಿ ಅಂತ ಫಾದರ್ ಪ್ರತಿ ವರ್ಷ ಹೇಳೋದು ಇದಕ್ಕೇ. ಅಲ್ಲಿಗೆ ಹೋಗಿ ಪ್ರಾರ್ಥನೆ ತಪ್ಪಿಸಿದೆ, ಕೋಪ ಮಾಡ್ಕೊಂಡೆ ಅಂತ ಹೇಳಿ ಎದ್ದು ಬರ್ತೀವಿ, ತಕ್ಕಡಿ ವಿಷಯ ಎತ್ತೋದೇ ಇಲ್ಲ.

ಅಂಗಿ ಕೊಡೋ ವಿಷಯದಲ್ಲಿ ಸಂತ ನಿಕೋಲಾಸರನ್ನ ನೆನಪಿಸ್ತೀನಿ, ಅವರ ಹಬ್ಬ ಡಿಸೆಂಬರ್ 6, ಅಡ್ವೆಂಟ್‌ನೊಳಗೇ ಬರುತ್ತೆ. ಈಗಿನ ಟರ್ಕಿಯಲ್ಲಿರೋ ಮೈರಾ ಅನ್ನೋ ಊರಿನ ಬಿಷಪ್, ನಾಕನೇ ಶತಮಾನದೋರು. ನಮ್ಮ ಕ್ರಿಸ್ಮಸ್ ತಾತನ ಮೂಲ ಇವರೇ. ಮದುವೆ ಮಾಡೋಕೆ ದುಡ್ಡಿಲ್ಲದೆ ಒಬ್ಬ ಬಡವ ತನ್ನ ಮೂರು ಹೆಣ್ಣುಮಕ್ಕಳ ಬಗ್ಗೆ ಕೈಚೆಲ್ಲಿ ಕುಂತಿದ್ದಾಗ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ್ರು ಅಂತ ಕಥೆ. ಯಾರು ಕೊಟ್ಟಿದ್ದು ಅಂತ ಗೊತ್ತಾಗಬಾರದು ಅನ್ನೋದೇ ಅವರಿಗೆ ಮುಖ್ಯ. ನಾವು ಅನಾಥಾಶ್ರಮಕ್ಕೆ ಒಂದು ಕೇಕ್ ಕೊಟ್ಟು ಹನ್ನೆರಡು ಫೋಟೋ ಸ್ಟೇಟಸ್ ಹಾಕ್ತೀವಿ.

ಕೊನೇ ವಾರದ ಬಗ್ಗೆ ಹೇಳಿ ಮುಗಿಸ್ತೀನಿ. ಡಿಸೆಂಬರ್ 17ರಿಂದ 23ರವರೆಗೆ ಏಳು ಸಂಜೆ, ಬರಲಿರೋ ಕ್ರಿಸ್ತನನ್ನ ಏಳು ಹೆಸರಲ್ಲಿ ಕರೆಯೋ ಬಹಳ ಹಳೇ ಪ್ರಾರ್ಥನೆ ಐತೆ, ಸಾವಿರ ವರ್ಷಕ್ಕೂ ಹಿಂದಿಂದು. ಜ್ಞಾನವೇ ಬಾ, ಪ್ರಭುವೇ ಬಾ, ಇಷಯನ (ದಾವೀದನ ಅಪ್ಪ) ವಂಶದ ಬೇರೇ ಬಾ, ದಾವೀದನ ಬೀಗದ ಕೈಯೇ ಬಾ, ಉದಯದ ಬೆಳಕೇ ಬಾ, ಜನಾಂಗಗಳ ಅರಸನೇ ಬಾ, ಕಡೇ ದಿನ ಇಮ್ಮಾನುವೇಲನೇ ಬಾ. ಉದಯದ ಬೆಳಕೇ ಅನ್ನೋದು ಬರೋದು 21ಕ್ಕೆ, ಅಂದ್ರೆ ವರ್ಷದಲ್ಲೇ ಹಗಲು ಬಹಳ ಸಣ್ಣದಾಗೋ ಹೊತ್ತಿಗೆ. ಮನೆಯಲ್ಲಿ ಊಟಕ್ಕೆ ಮುಂಚೆ ದಿನಕ್ಕೊಂದು ಹೆಸರು ಹೇಳಿ ಒಂದು ನಿಮಿಷ ಕುಂತ್ರೆ ಆಯ್ತು, ಏನೂ ಖರ್ಚಿಲ್ಲ. ಇದೇ ಟೈಮಲ್ಲಿ ಧನುರ್ಮಾಸ ಶುರುವಾಗಿರುತ್ತೆ, ನಮ್ಮ ಓಣಿಯ ಅಕ್ಕಂದಿರು ನಸುಕಲ್ಲೇ ಎದ್ದು ತಲೆಗೆ ನೀರು ಹಾಕ್ಕೊಂಡು ದೇವಸ್ಥಾನಕ್ಕೆ ಹೋಗ್ತಿರ್ತಾರೆ, ಅವರ ಭಕ್ತಿ ಅವರದು, ನಮ್ಮದು ನಮ್ಮದು, ಆದ್ರೆ ಆ ಚಳಿಯಲ್ಲಿ ಏಳೋದನ್ನ ನೋಡಿ ನಾವು ಸ್ವಲ್ಪ ನಾಚಿಕೊಳ್ಳಬೇಕು. ಪೋಲೆಂಡ್, ಆಸ್ಟ್ರಿಯಾ ಕಡೆ ಅಡ್ವೆಂಟಲ್ಲಿ ಬೆಳಕು ಹರಿಯೋ ಮುಂಚೆ ಬರೀ ಕ್ಯಾಂಡಲ್ ಬೆಳಕಲ್ಲಿ ಮರಿಯಮ್ಮನ ಪೂಜೆ ಮಾಡ್ತಾರೆ. ಇಲ್ಲೂ ಒಂದು ದಿನವಾದ್ರೂ ಮಾಡಬಹುದಾ ಅಂತ ಫಾದರ್‌ಗೆ ಎಲ್ಲರ ಮುಂದೆ ಕೇಳ್ತಿದೀನಿ, ಇಲ್ಲ ಅನ್ನೋಕೆ ಆಗಬಾರದು ಅಂತ.

ಇದರಲ್ಲಿ ಎಲ್ಲಾ ಮಾಡ್ರಿ ಅಂತ ನಾನು ಹೇಳ್ತಿಲ್ಲ. ಒಂದೋ ಎರಡೋ ಹಿಡ್ಕೊಳ್ರಿ. ನನ್ನ ಕೇಳಿದ್ರೆ ಕ್ಯಾಂಡಲ್ ಮತ್ತೆ ಖಾಲಿ ಗೋದಲಿ.

ಆಮೇಲೆ ಕೆಲವರು ಪ್ರಶ್ನೆ ಕೇಳಿದ್ರು, ಎರಡು ಮಾತ್ರ ಬರೀತೀನಿ.

ಒಬ್ಬ ಅಜ್ಜಿ ಕೇಳಿದ್ರು, ಏನಪ್ಪಾ ಕಾಯಿರಿ ಕಾಯಿರಿ ಅಂತೀಯ, ಕರ್ಜಿಕಾಯಿ, ಅಚ್ಚು ಮುರುಕು, ಕಲ್‌ಕಲ್ ಎಲ್ಲಾ 24ಕ್ಕೆ ಕುಂತು ಮಾಡೋಕಾಗುತ್ತಾ ಅಂತ. ಆಗಲ್ಲಜ್ಜಿ. ಮುಂಚೇನೇ ಮಾಡ್ರಿ, ಮಕ್ಕಳು ಮೊಮ್ಮಕ್ಕಳನ್ನ ಕೂರಿಸ್ಕೊಂಡು ಮಾಡ್ರಿ, ಕಲ್‌ಕಲ್ ಸುರುಳಿ ಸುತ್ತೋಕೆ ಫೋರ್ಕ್ ಕೊಡ್ರಿ ಅವಕ್ಕೆ. ಡಬ್ಬಕ್ಕೆ ತುಂಬಿ ಮುಚ್ಚಳ ಹಾಕ್ರಿ, ಅಷ್ಟೇ. ಅದಕ್ಕೆ ಅಜ್ಜಿ, ಮುಚ್ಚಳ ಹಾಕಿದ್ರೂ ನಿಮ್ಮಜ್ಜ ಬಿಡ್ತಾರಾ ಅಂದ್ರು.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿಂದ, ಪಕ್ಕದ ಮನೆ ಅಣ್ಣನವರದು. ಹಂಗಾದ್ರೆ ನಾವು ಹಬ್ಬದ ಶುಭಾಶಯ ಹೇಳೋಕೆ ನಿಮ್ಮ ಮನೆಗೆ ಯಾವಾಗ ಬರಬೇಕು ಸರ್, 25ಕ್ಕೆ ನೀವು ಬಿಜಿ ಇರ್ತೀರಿ, 26ಕ್ಕೆ ಮುಗಿದುಹೋಯ್ತು ಅಂತ ನಾವು ಸುಮ್ನಾಗ್ತೀವಿ ಅಂದ್ರು. ಅಣ್ಣಾ, ಮುಗಿದಿರಲ್ಲ. ಜನವರಿ ಮೊದಲ ಭಾನುವಾರಗಳಲ್ಲಿ ಮೂರು ಜ್ಞಾನಿಗಳ ಹಬ್ಬ, ಅದಾದ ಮೇಲೆ ಯೇಸುವಿನ ಸ್ನಾನದೀಕ್ಷೆಯ ಹಬ್ಬ, ಅಲ್ಲಿತನಕ ನಮಗೆ ಕ್ರಿಸ್ಮಸ್ ಕಾಲವೇ. ಯಾವಾಗ ಬೇಕಾದ್ರೂ ಬರ್ರಿ, ಗೋದಲಿ ಇರುತ್ತೆ, ಸ್ಟಾರೂ ಇರುತ್ತೆ. ಕೇಕ್ ಉಳಿದಿರುತ್ತೆ ಅಂತ ಮಾತ್ರ ಗ್ಯಾರಂಟಿ ಕೊಡಲ್ಲ.